ಅಪರೂಪಕ್ಕೊಮ್ಮೆ ಮಾಡುವ ಪೈಪ್ ಕೆಲಸಕ್ಕೆ ಯಾವ ಟೂಲ್ಸ್ ತಗೊಳ್ಳಬೇಕು?

ಮೂಲೆಮನೆ:

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಮ್ಮದು ಹತ್ತು ವರ್ಷ ಹಳೆಯ ಮನೆ. ಕೆಳಗೆ ನಾವಿದ್ದೇವೆ, ಮೇಲೆ ಬಾಡಿಗೆಗೆ ಕೊಟ್ಟಿದ್ದೇವೆ. ಸಣ್ಣಪುಟ್ಟ ಪ್ಲಂಬಿಂಗ್ ಕೆಲಸ ಇನ್ನು ನಾನೇ ಮಾಡಿಕೊಳ್ಳೋಣ ಅಂತಿದ್ದೇನೆ. ಕಾರಣ ನಿಮಗೂ ಗೊತ್ತಿರುತ್ತದೆ. ಬಾತ್‌ರೂಮ್ ಪೂರ್ತಿ ಒಡೆದು ಮಾಡಬೇಕು ಅಂದರೆ ಪ್ಲಂಬರ್ ಓಡಿ ಬರುತ್ತಾರೆ, ಒಂದು ನಲ್ಲಿ ಬದಲಾಯಿಸಬೇಕು ಅಂದರೆ ನಮ್ಮ ಹಳೇ ಬಾಗಿಲುಗಳ ಮೇಲೆ "ನಾಳೆ ಬಾ" ಅಂತ ಬರೆಯುತ್ತಿದ್ದರಲ್ಲ, ಹಾಗೆ.

ಈಗ ಮೂರು ಕೆಲಸ ಇವೆ. ಯುಟಿಲಿಟಿಯಲ್ಲಿ ಗೋಡೆ ಮೇಲೇ ಹೋಗಿರುವ ಪೈಪಿಗೆ ಒಂದು ಟೀ (ಮೂರು ಬಾಯಿಯ ಫಿಟ್ಟಿಂಗ್) ಹಾಕಿ ವಾಷಿಂಗ್ ಮೆಷಿನ್‌ಗೆ ನಲ್ಲಿ ಕೊಡಬೇಕು. ಬಾತ್‌ರೂಮಿನ ಎರಡು ಬಿಬ್ ಕಾಕ್ (ಗೋಡೆ ನಲ್ಲಿ) ಬದಲಾಯಿಸಬೇಕು. ತಾರಸಿ ಮೇಲಿನ ಟ್ಯಾಂಕಿನಿಂದ ಕುಂಡಗಳಿಗೆ ಒಂದು ಲೈನ್ ಎಳೆಯಬೇಕು. ಒಳಗಿನದು ಕ್ರೀಮ್ ಬಣ್ಣದ ಪೈಪ್, ತಾರಸಿಯದು ಬಿಳಿ.

ಆನ್‌ಲೈನ್‌ನಲ್ಲಿ ನೋಡಿದರೆ ತಲೆ ಕೆಡುತ್ತದೆ. ಪೈಪ್ ಕಟರ್ ಇನ್ನೂರು ಮುನ್ನೂರಕ್ಕೂ ಇದೆ, ಎರಡು ಸಾವಿರಕ್ಕೂ ಇದೆ, ನೋಡೋಕೆ ಎರಡೂ ಒಂದೇ. "ಕಂಪ್ಲೀಟ್ ಪ್ಲಂಬಿಂಗ್ ಕಿಟ್" ಅಂತ ಸೂಟ್‌ಕೇಸ್ ತುಂಬ ಸಾಮಾನು ಬೇರೆ. ಪೈಪ್ ಬಿಸಿ ಮಾಡಿ ಅಂಟಿಸುವ ಮೆಷಿನ್ ಕೂಡ ತೋರಿಸುತ್ತಿದೆ. ನನ್ನ ಹತ್ತಿರ ಈಗಿರುವುದು ಒಂದು ಹ್ಯಾಕ್‌ಸಾ, ಒಂದು ಕಟಿಂಗ್ ಪ್ಲೇಯರ್, ಸ್ಕ್ರೂಡ್ರೈವರ್‌ಗಳು, ಟೇಪು. ಮೂರು ಸಾವಿರದೊಳಗೆ ಮುಗಿಯಬೇಕು. ವರ್ಷಕ್ಕೆ ಎರಡು ಮೂರು ಸಲ ಬಳಸಿದರೆ ಜಾಸ್ತಿ. ಏನು ತಗೊಳ್ಳಲಿ, ಏನು ಬಿಡಲಿ?

ಅಂಗಡಿಬಾಗಿಲು:

ಟೂಲ್ಸ್‌ಗೆ ಮುಂಚೆ ನಿಮ್ಮ ಪೈಪ್ ಯಾವುದು ಅಂತ ಖಾತ್ರಿ ಮಾಡಿಕೊಳ್ಳಿ. ಬಣ್ಣ ನೋಡಿ ಹೇಳುವುದು ಅರ್ಧ ಸರಿ, ಪೂರ್ತಿ ಅಲ್ಲ. ಪೈಪ್ ಮೇಲೆ ಉದ್ದಕ್ಕೂ ಅಚ್ಚು ಇರುತ್ತದೆ, ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಿ ಮೊಬೈಲ್ ಟಾರ್ಚ್ ಹಿಡಿದು ಓದಿ. ಸಿಪಿವಿಸಿ ಅನ್ನುವ ಪ್ಲಾಸ್ಟಿಕ್ ಆದರೆ ಐಎಸ್ 15778 ಅಂತ ಭಾರತೀಯ ಮಾನಕದ ನಂಬರ್ ಇರುತ್ತದೆ, ಜೊತೆಗೆ ಎಸ್‌ಡಿಆರ್ (ಹೊರ ಅಳತೆಗೂ ಗೋಡೆ ದಪ್ಪಕ್ಕೂ ಇರುವ ಅನುಪಾತ) 11 ಅಥವಾ 13.5 ಅಂತ. ಬಿಸಿನೀರಿಗೂ ತಣ್ಣೀರಿಗೂ ಆಗುವುದು ಅದು. ಬಿಳಿಯದು ಯುಪಿವಿಸಿ ಇರುತ್ತದೆ, ತಣ್ಣೀರಿಗೆ ಮಾತ್ರ. ಬೂದು ಬಣ್ಣದ್ದು ತೋಟದ ಪೈಪ್, ಐಎಸ್ 4985. ಹಸಿರು ಇದ್ದರೆ ಸಾಮಾನ್ಯವಾಗಿ ಪಿಪಿಆರ್, ಅದು ಬೇರೆ ಬಗೆಯ ಪ್ಲಾಸ್ಟಿಕ್.

ಇದನ್ನು ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, ಕೌಂಟರಿಗೆ ಬಂದು "ಅರ್ಧ ಇಂಚು ಎಲ್ಬೋ ಕೊಡಿ" (ಎಲ್ಬೋ ಅಂದರೆ ಮೂಲೆ ತಿರುವಿನ ಫಿಟ್ಟಿಂಗ್) ಅನ್ನುತ್ತಾರೆ, ಯಾವ ಅರ್ಧ ಇಂಚು ಅಂದರೆ ಉತ್ತರ ಇರುವುದಿಲ್ಲ. ಸಿಪಿವಿಸಿ ಅರ್ಧ ಇಂಚಿನ ಹೊರ ಅಳತೆ 15.9 ಮಿ.ಮೀ., ಯುಪಿವಿಸಿ ಅರ್ಧ ಇಂಚಿನದು 21.3 ಮಿ.ಮೀ. ಒಂದರ ಫಿಟ್ಟಿಂಗ್ ಇನ್ನೊಂದಕ್ಕೆ ಕೂರುವುದೇ ಇಲ್ಲ. ಬೂದು ಪೈಪಿನ ಲೆಕ್ಕವೇ ಬೇರೆ, ಅದು 20, 25, 32 ಅಂತ ಮಿ.ಮೀ.ನಲ್ಲಿ ಬರುತ್ತದೆ. ಒಂದು ತುಂಡು ಪೈಪ್ ಇದ್ದರೆ ಜೇಬಿನಲ್ಲಿ ಹಾಕಿಕೊಂಡು ಹೋಗಿ. ಇಲ್ಲದಿದ್ದರೆ ಅಚ್ಚಿನ ಫೋಟೋ ಸಾಕು.

ಬಿಸಿ ಮಾಡಿ ಅಂಟಿಸುವ ಮೆಷಿನ್ ಬಿಟ್ಟುಬಿಡಿ. ಅದು ಪಿಪಿಆರ್‌ಗೆ. 260 ಡಿಗ್ರಿಗೆ ಕಾಯಿಸಿ ಪೈಪನ್ನೂ ಫಿಟ್ಟಿಂಗನ್ನೂ ಕೆಲವು ಸೆಕೆಂಡ್ ಹಿಡಿದು ಒತ್ತುವ ಕೆಲಸ. ನಿಮ್ಮ ಮನೆಯಲ್ಲಿ ಆ ಪೈಪೇ ಇಲ್ಲ. ಸೂಟ್‌ಕೇಸ್ ಕಿಟ್ಟೂ ಬೇಡ. ಅದರಲ್ಲಿ ನಿಮಗೆ ಬೇಕಾದ ಎರಡು ಸಾಮಾನು ಕಳಪೆ ಇರುತ್ತವೆ, ಬೇಡದ ಹದಿನೆಂಟು ಹೊಳೆಯುತ್ತಿರುತ್ತವೆ.

ಕೊಳ್ಳಬೇಕಾದ್ದು: 42 ಮಿ.ಮೀ. ರಾಚೆಟ್ ಕಟರ್ (ಹಿಡಿ ಅದುಮಿದ ಹಾಗೆ ಸ್ವಲ್ಪ ಸ್ವಲ್ಪವೇ ಕಡಿಯುವ ಪೈಪ್ ಕಟರ್) ಒಂದು, ಮಧ್ಯಮ ಬೆಲೆಯದು, ಬ್ಲೇಡ್ ಬದಲಾಯಿಸಲು ಬರುವಂಥದ್ದು. 12 ಇಂಚಿನ ಪೈಪ್ ರೆಂಚ್. 10 ಅಥವಾ 12 ಇಂಚಿನ ಅಡ್ಜಸ್ಟಬಲ್ ಸ್ಪ್ಯಾನರ್. ಈ ಎರಡಕ್ಕೆ ಟಪಾರಿಯಾ ಥರದ ಒಳ್ಳೇ ಕಂಪನಿಯದ್ದು ತಗೊಂಡರೆ ನಿಮ್ಮ ಮಕ್ಕಳ ಕಾಲಕ್ಕೂ ಇರುತ್ತದೆ. ಉಳಿದದ್ದು ಚಿಲ್ಲರೆ: ಟೆಫ್ಲಾನ್ ಟೇಪ್, ಮಾರ್ಕರ್, 120 ನಂಬರ್ ಸ್ಯಾಂಡ್‌ಪೇಪರ್, ಪೈಪಿನ ಬಾಯಿ ಮುಚ್ಚಲು ಒಂದೆರಡು ಎಂಡ್ ಪ್ಲಗ್. ಸಲ್ಯೂಷನ್ (ಪೈಪ್ ಅಂಟು) ಮಾತ್ರ ಸಣ್ಣ ಟಿನ್ ತಗೊಳ್ಳಿ. ದೊಡ್ಡದು ಅಗ್ಗ ಅಂತ ತಂದು ಅರ್ಧ ಬಳಸಿ ಇಟ್ಟರೆ ಮುಂದಿನ ಸಲ ಮುಚ್ಚಳ ತೆಗೆದಾಗ ಅಂಟುಪಾಯಸ ಆಗಿರುತ್ತದೆ. ಲೋಳೆ ಆದದ್ದನ್ನು ಥಿನ್ನರ್ ಹಾಕಿ ಸರಿ ಮಾಡುತ್ತೇನೆ ಅನ್ನಬೇಡಿ, ಎಸೆದುಬಿಡಿ.

ಗರಗಸ:

ಮೇಲಿನವರ ಮಾತೆಲ್ಲ ಸರಿ, ಕಟರ್ ವಿಷಯ ಒಂದು ಬಿಟ್ಟು. ಹತ್ತು ವರ್ಷ ಹಳೇ ಸಿಪಿವಿಸಿಗೆ ರಾಚೆಟ್ ಕಟರ್ ಹಾಕಲು ಹೇಳಬೇಡಿ ಸ್ವಾಮಿ. ಹೊಸ ಪೈಪಿಗೆ ಅದು ಚೆನ್ನಾಗಿದೆ, ಟಕ್ ಟಕ್ ಅಂತ ನೇರವಾಗಿ ಕಡಿಯುತ್ತದೆ, ಪುಡಿ ಬೀಳುವುದಿಲ್ಲ. ಹಳೇ ಸಿಪಿವಿಸಿ ಒಣಗಿದ ಕಡ್ಡಿ ಆಗಿರುತ್ತದೆ, ಅದರಲ್ಲೂ ಗೀಸರ್ ಲೈನ್ ಮತ್ತು ಬಿಸಿಲಿಗೆ ಬಿದ್ದದ್ದು. ಕಟರ್ ಒಂದು ಕಡೆಯಿಂದ ಅದುಮಿ ಕಡಿಯುವುದರಿಂದ ಪೈಪ್ ಮೊದಲು ಚಪ್ಪಟೆ ಆಗುತ್ತದೆ, ಆಮೇಲೆ ಸೀಳುತ್ತದೆ. ಕೆಲವು ಸಲ ಸೀಳಿದ್ದು ಕಾಣುವುದೂ ಇಲ್ಲ. ಕಡಿದ ತುದಿಯನ್ನು ಬೆಳಕಿಗೆ ಹಿಡಿದು ಉಗುರಿನಲ್ಲಿ ಸುತ್ತ ಸವರಿ ನೋಡಿ, ಕೂದಲೆಳೆಯಷ್ಟು ಬಿಳಿ ಗೆರೆ ಉದ್ದಕ್ಕೆ ಹೋಗಿರುತ್ತದೆ, ಉಗುರು ಅಲ್ಲಿ ಸಣ್ಣಗೆ ತಡೆಯುತ್ತದೆ. ಅದರ ಮೇಲೇ ಸಲ್ಯೂಷನ್ ಹಾಕಿ ಕೂರಿಸಿದರೆ ಅವತ್ತು ಸೋರುವುದಿಲ್ಲ, ಮೂರು ತಿಂಗಳಾದ ಮೇಲೆ ಮನೆಯಲ್ಲಿ ಯಾರೂ ಇಲ್ಲದ ಹೊತ್ತಿಗೆ ಸೋರುತ್ತದೆ. ಗೆರೆ ಕಂಡರೆ ಗೆರೆ ಮುಗಿದ ಜಾಗದಿಂದ ಇನ್ನೂ ಎರಡು ಇಂಚು ಹಿಂದಕ್ಕೆ ಹೋಗಿ ಮತ್ತೆ ಕಡಿಯಬೇಕು. ಗೋಡೆ ಪಕ್ಕದಲ್ಲಿ ಎರಡು ಇಂಚು ಕಳೆದುಕೊಳ್ಳುವುದು ಅಂದರೆ ಏನು ಅಂತ ಮಾಡಿದವರಿಗೇ ಗೊತ್ತು.

ಇವರ ಹತ್ತಿರ ಹ್ಯಾಕ್‌ಸಾ ಇದೆ. ಅದಕ್ಕೆ ಇಂಚಿಗೆ 24 ಅಥವಾ 32 ಹಲ್ಲಿನ ಹೊಸ ಬ್ಲೇಡ್ ಹಾಕಲಿ, ಸಾಕು. ನೇರ ಬರಬೇಕು ಅಂದರೆ ಪೈಪಿಗೆ ಒಂದು ಕಾಗದದ ಪಟ್ಟಿ ಸುತ್ತಿ, ಅಂಚು ಅಂಚಿಗೆ ಕೂಡುವ ಹಾಗೆ ಹಿಡಿದು ಮಾರ್ಕರ್‌ನಲ್ಲಿ ಗೆರೆ ಎಳೆಯಲಿ. ಆಮೇಲೆ ಒಂದೇ ಕಡೆ ಕೊಯ್ಯದೆ ಸುತ್ತ ತಿರುಗಿಸಿಕೊಂಡು ಕೊಯ್ಯಲಿ. ಒಳಗೂ ಹೊರಗೂ ಏಳುವ ಒರಟು ಎಳೆಗಳನ್ನು ಚಾಕುವಿನಿಂದ ಕೆರೆದು ತೆಗೆಯಲಿ. ಹೊರ ಅಂಚನ್ನು ಸ್ವಲ್ಪ ಇಳಿಜಾರು ಮಾಡಲಿ, ಇಲ್ಲದಿದ್ದರೆ ಕೂರಿಸುವಾಗ ಚೂಪು ಅಂಚು ಸಲ್ಯೂಷನ್ನನ್ನು ಒಳಗೆ ತಳ್ಳಿಕೊಂಡು ಹೋಗುತ್ತದೆ, ಸಾಕೆಟ್‌ನಲ್ಲಿ, ಅಂದರೆ ಫಿಟ್ಟಿಂಗಿನ ಬಾಯಲ್ಲಿ, ಏನೂ ಉಳಿಯುವುದಿಲ್ಲ. ಕಟರ್ ದುಡ್ಡಿನಲ್ಲಿ ಒಂದು ಒಳ್ಳೇ ಬಾಲ್ ವಾಲ್ವ್ ಬರುತ್ತದೆ.

ಅಂಗಡಿಬಾಗಿಲು:

ಹಳೇ ಪೈಪ್ ವಿಷಯ ಒಪ್ಪಿದೆ. ಆದರೆ ಇವರು ತಾರಸಿಯಲ್ಲಿ ಹೊಸ ಲೈನ್ ಎಳೆಯುತ್ತಾರೆ, ಅಲ್ಲಿ ಹತ್ತಾರು ಕಟ್ ಇರುತ್ತವೆ. ಬಿಸಿಲಲ್ಲಿ ಕೂತು ಹ್ಯಾಕ್‌ಸಾ ಎಳೆದು ಎಳೆದು ಆರನೇ ಕಟ್ಟಿಗೆ ಯಾರ ಕೈಯೂ ನೇರ ಇರುವುದಿಲ್ಲ. ಹೊಸದಕ್ಕೆ ಕಟರ್, ಹಳೆಯದಕ್ಕೆ ಹ್ಯಾಕ್‌ಸಾ. ಬ್ಲೇಡ್ ಮೊಂಡಾದ ಕಟರ್ ಹೊಸ ಪೈಪನ್ನೂ ಸೀಳುತ್ತದೆ, ಇನ್ನೂರು ರೂಪಾಯಿಯದು ಬೇಡ ಅಂದದ್ದು ಅದಕ್ಕೇ.

ಬೋರ್‌ನೀರು:

ನಲ್ಲಿ ಬದಲಾಯಿಸುವ ಕೆಲಸವನ್ನು ಯಾರೂ ಗಂಭೀರವಾಗಿ ತಗೊಂಡಿಲ್ಲ. ಮೂರರಲ್ಲಿ ಅದೇ ಅಪಾಯದ್ದು. ಟೀ ಹಾಕುವುದು ಕಣ್ಣೆದುರಿನ ಕೆಲಸ, ನಲ್ಲಿ ತಿರುಗಿಸುವಾಗ ಏನಾಗುತ್ತದೆ ಅನ್ನುವುದು ಟೈಲ್ಸ್ ಹಿಂದೆ.

ಗೋಡೆ ಒಳಗೆ ಪ್ಲಾಸ್ಟಿಕ್ ಎಲ್ಬೋ ಇರುತ್ತದೆ, ಅದರ ಬಾಯಲ್ಲಿ ಹಿತ್ತಾಳೆಯ ಮರೆ (ತಿರುಪಿನ ಎಳೆ) ಕೂರಿಸಿರುತ್ತಾರೆ. ಅದಕ್ಕೆ ಹೆಚ್ಚಿನ ಕಡೆ ಒಂದು ಎಕ್ಸ್‌ಟೆನ್ಷನ್ ನಿಪ್ಪಲ್ (ಉದ್ದ ಕೂಡಿಸುವ ಮರೆ ಇರುವ ತುಂಡು), ಅದರ ಮೇಲೆ ನಲ್ಲಿ. ಹತ್ತು ವರ್ಷ ಗಡಸು ನೀರು ಕುಡಿದ ನಲ್ಲಿಗೆ ದೊಡ್ಡ ರೆಂಚ್ ಹಾಕಿ ಜೋರಾಗಿ ಎಳೆದರೆ ನಲ್ಲಿ ಬಿಡುವ ಬದಲು ಎಲ್ಬೋ ತಿರುಗುತ್ತದೆ. ಸಿಮೆಂಟ್ ಹಿಡಿದುಕೊಂಡಿದ್ದರೆ ಬಚಾವ್, ಇಲ್ಲದಿದ್ದರೆ ಟೈಲ್ಸ್ ಒಡೆಯಬೇಕು. ಅದಕ್ಕೇ ಎರಡು ಟೂಲ್ ಬೇಕು ಅನ್ನುವುದು. ಒಂದರಲ್ಲಿ ನಿಪ್ಪಲ್ ಕಾಣುತ್ತಿದ್ದರೆ ಅದನ್ನು ಅಲುಗದ ಹಾಗೆ ಹಿಡಿಯಬೇಕು, ಇನ್ನೊಂದರಲ್ಲಿ ನಲ್ಲಿಯನ್ನು ತಿರುಗಿಸಬೇಕು. ಹಿಡಿಯಲು ಏನೂ ಕಾಣದಿದ್ದರೆ ನಲ್ಲಿಯನ್ನು ಮೊದಲು ಕೂದಲಷ್ಟು ಬಿಗಿ ಕಡೆಗೆ ಅಲ್ಲಾಡಿಸಿ, ಆಮೇಲೆ ಬಿಚ್ಚುವ ಕಡೆಗೆ. ಮತ್ತೆ ಹಾಗೇ. ಹಳೇ ಟೇಪು, ಸುಣ್ಣದ ಪೊರೆ ಬಿಡುವಾಗ ಒಂದು ಸಣ್ಣ ಕರಕರ ಶಬ್ದ ಬರುತ್ತದೆ. ಅದು ಬಂದರೆ ನಿಧಾನಕ್ಕೆ ಬಿಚ್ಚಬಹುದು. ಏನೂ ಶಬ್ದ ಇಲ್ಲದೆ ರಬ್ಬರ್ ಥರ ತಿರುಗಿ ವಾಪಸ್ ಬರುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ, ಒಳಗೆ ಪ್ಲಾಸ್ಟಿಕ್ ತಿರುಚುತ್ತಿದೆ ಅಂತ ಅರ್ಥ. ಆಗ ಪ್ಲಂಬರ್‌ಗೆ ಫೋನ್ ಮಾಡಿ, ನಾಳೆ ಅಂದರೂ ಪರವಾಗಿಲ್ಲ.

ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಬೇಡಿ. ಕಬ್ಬಿಣದ ಪೈಪ್ ಕಾಲದ ಅಭ್ಯಾಸ ಅದು. ಎಣ್ಣೆ ಅಂಶ ಸಿಪಿವಿಸಿಗೆ ಆಗುವುದಿಲ್ಲ, ತಾಗಿದ ಜಾಗ ಕಾಲಕ್ರಮೇಣ ಬಿರುಕು ಬಿಡಬಹುದು. ವಿನೆಗರ್‌ನಲ್ಲಿ ನೆನೆಸಿದ ಬಟ್ಟೆಯನ್ನು ಒಂದೆರಡು ಗಂಟೆ ನಲ್ಲಿಯ ಬುಡಕ್ಕೆ ಸುತ್ತಿಡಿ, ಬಿಳಿ ಉಪ್ಪು ಸ್ವಲ್ಪವಾದರೂ ಸಡಿಲ ಆಗುತ್ತದೆ.

ಟೆಫ್ಲಾನ್ ಸುತ್ತುವುದು: ಮರೆ ತುದಿ ನಿಮ್ಮ ಕಡೆಗೆ ಇದ್ದಾಗ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ, ಎಳೆದು ಬಿಗಿಯಾಗಿ, ಮೊದಲ ಎಳೆ ಖಾಲಿ ಬಿಟ್ಟು. ನಮ್ಮಲ್ಲಿ ಸಿಗುವ ಟೇಪ್ ಜೇಡರಬಲೆಯಷ್ಟು ತೆಳ್ಳಗೆ, ಹತ್ತು ಹನ್ನೆರಡು ಸುತ್ತಾದರೂ ಬೇಕಾಗುತ್ತದೆ. ಕೂರಿಸುವಾಗ ಕೈಯಲ್ಲಿ ಎಷ್ಟು ಬರುತ್ತದೋ ಅಷ್ಟು, ಆಮೇಲೆ ಸ್ಪ್ಯಾನರ್‌ನಲ್ಲಿ ಒಂದು, ಒಂದೂವರೆ ಸುತ್ತು. ನಲ್ಲಿ ನೇರ ನಿಲ್ಲಲಿಲ್ಲ ಅಂತ ಹಿಂದಕ್ಕೆ ತಿರುಗಿಸಿದರೆ ಟೇಪ್ ಹರಿದಿರುತ್ತದೆ, ಪೂರ್ತಿ ತೆಗೆದು ಹೊಸದಾಗಿ ಸುತ್ತಬೇಕು.

ಪೈಪ್ ರೆಂಚಿನ ಹಲ್ಲು ಕ್ರೋಮ್ ನಲ್ಲಿಯನ್ನು ಕಚ್ಚಿ ಕಲೆ ಮಾಡುತ್ತದೆ. ನಲ್ಲಿಗೆ ಅಡ್ಜಸ್ಟಬಲ್ ಸ್ಪ್ಯಾನರ್ ಬಳಸಿ, ಮಧ್ಯೆ ಒಂದು ತುಂಡು ಬಟ್ಟೆ ಇಡಿ. ಪ್ಲಾಸ್ಟಿಕ್ ಫಿಟ್ಟಿಂಗಿಗೆ ಪೈಪ್ ರೆಂಚ್ ಮುಟ್ಟಿಸಲೇಬೇಡಿ.

ಮೂಲೆಮನೆ:

ಇಷ್ಟೆಲ್ಲ ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ಅಚ್ಚು ಓದಿದೆ. ಒಳಗಿನದು ಸಿಪಿವಿಸಿ, ಎಸ್‌ಡಿಆರ್ 11, ಮುಕ್ಕಾಲು ಇಂಚು. ತಾರಸಿಯದು ಯುಪಿವಿಸಿ, ಒಂದು ಇಂಚು.

ಈಗ ಟೀ ಬಗ್ಗೆ ಒಂದು ಸಂಶಯ. ಯುಟಿಲಿಟಿಯಲ್ಲಿ ಪೈಪ್ ಎರಡೂ ಕಡೆ ಗೋಡೆಯೊಳಗೆ ಹೋಗಿದೆ, ಹೊರಗೆ ಕಾಣುವುದು ಮೂರು ಅಡಿ ಇರಬಹುದು. ಕ್ಲ್ಯಾಂಪ್ ಬಿಚ್ಚಿದರೂ ಆ ಕಡೆ ಈ ಕಡೆ ಸರಿಯುವುದಿಲ್ಲ. ಮಧ್ಯೆ ಕೊಯ್ದರೆ ಟೀ ತೂರಿಸುವುದು ಹೇಗೆ? ಇನ್ನೊಂದು, ಟ್ಯಾಂಕಿನ ಗೇಟ್ ವಾಲ್ವ್ ಪೂರ್ತಿ ಮುಚ್ಚಿದರೂ ಕೆಳಗೆ ಸಣ್ಣಗೆ ನೀರು ಬರುತ್ತಲೇ ಇರುತ್ತದೆ.

ಗರಗಸ:

ಎರಡನೆಯದಕ್ಕೆ ಮೊದಲು ಉತ್ತರ, ಯಾಕೆಂದರೆ ಅದು ಸರಿಯಾಗದೆ ಮೊದಲನೆಯದು ಆಗುವುದಿಲ್ಲ. ಸಲ್ಯೂಷನ್ ಜಾಯಿಂಟಿಗೆ ಒಂದು ಹನಿ ನೀರೂ ಆಗದು. ಒರೆಸಿ, ಹಚ್ಚಿ, ಒತ್ತುವಷ್ಟರಲ್ಲಿ ಪೈಪಿನ ಒಳಗಿಂದ ಒಂದು ಹನಿ ಜಾರಿ ಬಂದರೆ ಅಲ್ಲಿ ಒಂದು ದಾರಿ ಉಳಿದುಬಿಡುತ್ತದೆ. ಹಳೇ ಗೇಟ್ ವಾಲ್ವ್‌ಗಳು ತಳದಲ್ಲಿ ಕೆಸರು ಕೂತು ಪೂರ್ತಿ ಮುಚ್ಚುವುದಿಲ್ಲ, ಅದಕ್ಕೆ ಬೈದು ಪ್ರಯೋಜನ ಇಲ್ಲ. ಟ್ಯಾಂಕ್ ನೀರನ್ನು ಔಟ್‌ಲೆಟ್‌ಗಿಂತ ಕೆಳಗೆ ಇಳಿಸಿ, ಮೋಟರ್ ಸ್ವಿಚ್ ಮೇಲೆ ಒಂದು ಚೀಟಿ ಅಂಟಿಸಿ. ಮೇಲಿನ ಬಾಡಿಗೆಯವರಿಗೂ ಹೇಳಿ. ಇದು ಮುಖ್ಯ, ಅವರು ಗೊತ್ತಿಲ್ಲದೆ ಮೋಟರ್ ಹಾಕಿದರೆ ಯುಟಿಲಿಟಿಯಲ್ಲೇ ಸ್ನಾನ. ಕೆಳಗಿನ ಎಲ್ಲ ನಲ್ಲಿ ತೆರೆದಿಟ್ಟು ಲೈನ್ ಬಸಿಯಲು ಬಿಡಿ. ಹೇಗೂ ಟ್ಯಾಂಕ್ ಖಾಲಿ ಆಗಿರುತ್ತದಲ್ಲ, ಅದೇ ದಿನ ಗೇಟ್ ವಾಲ್ವ್ ತೆಗೆದು ಬಾಲ್ ವಾಲ್ವ್ ಹಾಕಿಬಿಡಿ. ಮೂರು ಕೆಲಸದಲ್ಲಿ ಅದನ್ನೇ ಮೊದಲು ಮಾಡಿ.

ಟೀ ತೂರಿಸಲು ಜಾಗ ಇಲ್ಲ ಅಂದರೆ ಯೂನಿಯನ್ ಬೇಕು. ಪೈಪಿನ ಒಂದು ತುಂಡನ್ನೇ ತೆಗೆದುಬಿಡಿ, ಒಂದು ಕಡೆ ಟೀ, ಇನ್ನೊಂದು ಕಡೆ ಯೂನಿಯನ್ ಅರ್ಧ, ಮಧ್ಯೆ ಹೊಸ ಪೈಪ್. ಯೂನಿಯನ್ ಎರಡು ಹೋಳಾಗಿ ಬಿಚ್ಚಿಕೊಳ್ಳುವುದರಿಂದ ಪೈಪ್ ಸರಿಯಬೇಕಾಗಿಲ್ಲ, ಪಕ್ಕದಿಂದ ತಂದು ಕೂರಿಸಿ ನಟ್ ಬಿಗಿದರೆ ಆಯಿತು. ಮೂರು ಅಡಿ ಬಯಲಲ್ಲಿದೆ ಅಂದಿರಲ್ಲ, ಆರಾಮಾಗಿ ಆಗುತ್ತದೆ.

ಅಳತೆ ತಗೊಳ್ಳುವಾಗ ಒಂದು ಮೋಸ ಇದೆ. ಒಣಗಿರುವಾಗ ಪೈಪನ್ನು ಫಿಟ್ಟಿಂಗಿಗೆ ತೂರಿಸಿ ನೋಡಿದರೆ ಪೂರ್ತಿ ಒಳಗೆ ಹೋಗುವುದಿಲ್ಲ, ಮೂರನೇ ಒಂದರಿಂದ ಮೂರನೇ ಎರಡರಷ್ಟು ಹೋಗಿ ನಿಲ್ಲುತ್ತದೆ, ಹಾಗೇ ಇರಬೇಕು. ಸಲ್ಯೂಷನ್ ಹಚ್ಚಿದಾಗ ಮಾತ್ರ ತಳ ಮುಟ್ಟುತ್ತದೆ. ಒಣ ಜೋಡಣೆ ನೋಡಿ ಅಳತೆ ಮಾಡಿದರೆ ಕೊನೆಗೆ ಪೈಪ್ ಗಿಡ್ಡ ಆಗುತ್ತದೆ. ಸಾಕೆಟ್ ಆಳ ಅಳೆದು ಪೈಪ್ ಮೇಲೆ ಗುರುತು ಹಾಕಿ. ಮುಕ್ಕಾಲು ಇಂಚು ಸಿಪಿವಿಸಿಗೆ ಸುಮಾರು 18 ಮಿ.ಮೀ., ಅರ್ಧ ಇಂಚಿಗೆ 13 ಮಿ.ಮೀ. ಕೂರಿಸಿದ ಮೇಲೆ ಗುರುತು ಸಾಕೆಟ್ ಬಾಯಿಗೆ ಬಂದಿರಬೇಕು. ಒತ್ತುವಾಗ ಕಾಲು ಸುತ್ತು ತಿರುಗಿಸಿ, ಅರ್ಧ ನಿಮಿಷ ಹಿಡಿದುಕೊಳ್ಳಿ. ತಕ್ಷಣ ಬಿಟ್ಟರೆ ಪೈಪ್ ತಾನೇ ಹಿಂದಕ್ಕೆ ಸರಿಯುತ್ತದೆ. ಸುತ್ತ ಒಂದೇ ಸಮ ತೆಳ್ಳಗೆ ಅಂಟಿನ ಅಂಚು ಕಂಡರೆ ಒಳ್ಳೇ ಜಾಯಿಂಟ್. ಒಂದು ಕಡೆ ಖಾಲಿ ಕಂಡರೆ ಮತ್ತೆ ಮಾಡಬೇಕು.

ತೋಟದಬಾವಿ:

ಶಿರಸಿ ಕಡೆಯವನು. ನಮ್ಮಲ್ಲಿ ಅಡಿಕೆ ತೋಟಕ್ಕೆ ಬೂದು ಪೈಪ್ ಹಾಕುವಾಗ ಎರಡು ಪೈಪ್ ಜೋಡಿಸುವ ಸಾಕೆಟ್ ಸಹ ಕೊಳ್ಳುವುದಿಲ್ಲ. ತುದಿಯನ್ನು ಬೆಂಕಿಯಲ್ಲಿ ಬಿಸಿ ಮಾಡಿ ಇನ್ನೊಂದು ಪೈಪ್ ತೂರಿಸಿ ಬಾಯಿ ಅಗಲಿಸಿಬಿಡುತ್ತಾರೆ. ತೋಟದಲ್ಲಿ ನಡೆಯುತ್ತದೆ, ಸೋರಿದರೆ ಅಡಿಕೆ ಮರಕ್ಕೇ ಹೋಗುತ್ತದೆ. ಇದನ್ನು ನೋಡಿ ಮನೆ ಒಳಗೆ ಮಾಡಲು ಹೋಗಬೇಡಿ. ಬಿಸಿ ಮಾಡಿ ಹಿಗ್ಗಿಸಿದ ಕಡೆ ಪೈಪ್ ತೆಳ್ಳಗಾಗುತ್ತದೆ, ಸುಟ್ಟ ಹೊಗೆಯೂ ಕೆಟ್ಟದ್ದು.

ತಾರಸಿ ಲೈನಿಗೆ ಎರಡು ಮಾತು. ಯುಪಿವಿಸಿಗೆ ಯುಪಿವಿಸಿ ಸಲ್ಯೂಷನ್, ಸಿಪಿವಿಸಿಗೆ ಸಿಪಿವಿಸಿಯದೇ. ಒಂದೇ ಟಿನ್ನಿನಲ್ಲಿ ಎರಡೂ ಮುಗಿಸೋಣ ಅಂತ ಆಸೆ ಆಗುತ್ತದೆ, ಬಿಸಿನೀರಿನ ಲೈನ್ ಇದ್ದ ಮೇಲೆ ಬೇಡ. ಇನ್ನೊಂದು, ಬಿಸಿಲು. ತಾರಸಿ ಪೈಪಿಗೆ ನೀರಿನಲ್ಲಿ ಕಲಸುವ ಪೇಂಟ್ ಒಂದು ಕೈ ಹೊಡೆದುಬಿಡಿ, ಆಯಿಲ್ ಪೇಂಟ್ ಬೇಡ. ಸಲ್ಯೂಷನ್ ಕೆಲಸವನ್ನೂ ನಡು ಮಧ್ಯಾಹ್ನ ಮಾಡಬೇಡಿ, ಹಚ್ಚಿ ಒತ್ತುವಷ್ಟರಲ್ಲಿ ಒಣಗಿರುತ್ತದೆ. ಬೆಳಿಗ್ಗೆ ಎಂಟರೊಳಗೆ ಮುಗಿಸಿ. ಸಲ್ಯೂಷನ್ ಹತ್ತಿರ ಬೀಡಿ, ಊದುಬತ್ತಿ ಯಾವುದೂ ಬೇಡ, ಬೇಗ ಬೆಂಕಿ ಹಿಡಿಯುತ್ತದೆ.

ಬೋರ್‌ನೀರು:

ವಾಷಿಂಗ್ ಮೆಷಿನ್ ಬಗ್ಗೆ ಒಂದು ಬಿಟ್ಟುಹೋಗಿತ್ತು. ನೀವು ಕೆಳಗಿನ ಮನೆಯವರು, ಟ್ಯಾಂಕ್ ಎರಡು ಅಂತಸ್ತಿನ ಮೇಲೆ, ಹಾಗಾಗಿ ತೊಂದರೆ ಬರಲಿಕ್ಕಿಲ್ಲ. ಹತ್ತು ಮೀಟರ್ ಎತ್ತರದ ನೀರಿಗೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆ.ಜಿ. ಪ್ರೆಷರ್ ಅಂತ ಲೆಕ್ಕ, ನಿಮಗೆ ಆರೇಳು ಮೀಟರ್ ಸಿಗಬಹುದು. ಮೇಲಿನ ಮನೆಯವರು ನಾಳೆ ಅವರಿಗೂ ಮೆಷಿನ್ ಪಾಯಿಂಟ್ ಕೇಳಿದರೆ ಆಗ ಮೆಷಿನ್ ಪುಸ್ತಕದಲ್ಲಿ ಕನಿಷ್ಠ ಪ್ರೆಷರ್ ಎಷ್ಟು ಅಂತ ನೋಡಿ. ಮೆಷಿನ್ ಪೈಪಿನ ನಟ್ ಮುಕ್ಕಾಲು ಇಂಚು ಮರೆಯದು, ವಾಷಿಂಗ್ ಮೆಷಿನ್ ನಲ್ಲಿ ಅಂತಲೇ ಕೇಳಿ ತಗೊಳ್ಳಿ. ಟೀ ಕೊಳ್ಳುವಾಗ ಮುಕ್ಕಾಲು ಮುಕ್ಕಾಲು, ಮಧ್ಯದ ಬಾಯಿ ಅರ್ಧ ಇಂಚು ಹಿತ್ತಾಳೆ ಮರೆ ಇರುವುದನ್ನು ತಗೊಳ್ಳಿ. ಬರೀ ಪ್ಲಾಸ್ಟಿಕ್ ಮರೆಗೆ ಲೋಹದ ನಲ್ಲಿ ಬಿಗಿದರೆ ಇವತ್ತಲ್ಲ ನಾಳೆ ಬಿರುಕು.

ಮೂಲೆಮನೆ:

ಸರಿ, ಹೀಗೆ ತಂದೆ. ಮಧ್ಯಮ ಬೆಲೆಯ 42 ಮಿ.ಮೀ. ಕಟರ್, 12 ಇಂಚಿನ ಪೈಪ್ ರೆಂಚ್, 12 ಇಂಚಿನ ಅಡ್ಜಸ್ಟಬಲ್ ಸ್ಪ್ಯಾನರ್, 32 ಹಲ್ಲಿನ ಬ್ಲೇಡ್, ಎರಡು ಬಗೆಯ ಸಲ್ಯೂಷನ್ ಸಣ್ಣ ಟಿನ್. ಮೂರು ಸಾವಿರದೊಳಗೇ ಆಯಿತು. ಬಾಲ್ ವಾಲ್ವ್, ಯೂನಿಯನ್ ಲೆಕ್ಕ ಬೇರೆ. ಸಿಪಿವಿಸಿ ಪೈಪ್ ಒಂದೂವರೆ ಅಡಿ ಸಾಕಿತ್ತು, ಅಂಗಡಿಯಲ್ಲಿ ಮೂರು ಮೀಟರ್ ಪೂರ್ತಿ ತಗೊಳ್ಳಬೇಕು ಅಂದರು. ಭಾನುವಾರ ಬೆಳಿಗ್ಗೆ ಶುರು ಮಾಡುತ್ತೇನೆ. ಟೀ ಹಾಕಿದ ಮೇಲೆ ಎಷ್ಟು ಹೊತ್ತಿಗೆ ನೀರು ಬಿಡಬಹುದು?

ಅಂಗಡಿಬಾಗಿಲು:

ಟಿನ್ ಮೇಲೆ ಬರೆದಿರುತ್ತದೆ, ಅದನ್ನೇ ಪಾಲಿಸಿ. ಈ ಸೈಜಿಗೆ, ನಮ್ಮ ಹವೆಗೆ, ತಣ್ಣೀರು ಆದರೆ ಒಂದು ಗಂಟೆಗಿಂತ ಕಮ್ಮಿ ಬೇಡ, ಮನೆಯಲ್ಲಿ ನೀರಿನ ಗಲಾಟೆ ಇಲ್ಲದಿದ್ದರೆ ರಾತ್ರಿ ಪೂರ್ತಿ ಬಿಡಿ. ನೀರು ಬಿಡುವಾಗ ವಾಲ್ವ್ ಸ್ವಲ್ಪವೇ ತೆರೆದು, ಒಂದು ನಲ್ಲಿ ತೆರೆದಿಟ್ಟು ಗಾಳಿ ಹೋಗಲು ಬಿಡಿ. ಪ್ರತಿ ಜಾಯಿಂಟಿಗೂ ಒಂದು ಸುತ್ತು ಟಿಶ್ಯೂ ಪೇಪರ್ ಕಟ್ಟಿ. ಕೈಗೆ ಗೊತ್ತಾಗದ ಜಿನುಗು ಅದರಲ್ಲಿ ಗೊತ್ತಾಗುತ್ತದೆ.

ಆ ಮೂರು ಮೀಟರ್ ಪೈಪಿನಲ್ಲಿ ಒಂದು ಅಡಿ ಕೊಯ್ದು, ಇಪ್ಪತ್ತು ರೂಪಾಯಿಯ ಎರಡು ಸಾಕೆಟ್ ತಗೊಂಡು ಶನಿವಾರ ಸಂಜೆ ಅಂಟಿಸಿ ನೋಡಿ. ಮಾರನೇ ದಿನ ಆ ಜಾಯಿಂಟನ್ನು ಉದ್ದಕ್ಕೆ ಹ್ಯಾಕ್‌ಸಾದಲ್ಲಿ ಸೀಳಿ. ಪೈಪ್ ಯಾವುದು, ಸಾಕೆಟ್ ಯಾವುದು ಅಂತ ಗೆರೆ ಕಾಣದಿದ್ದರೆ ಯುಟಿಲಿಟಿ ಪೈಪಿಗೆ ಕೈ ಹಾಕಿ.